ಸಪ್ಲಿಮೆಂಟರಿಗೆ ಓದಿದ ಪದಗಳು

ಖೈರುನ್ನೀಸಾಗೆ ಮೂವತ್ತೊಂಬತ್ತು. ವಿಜ್ಞಾನ ಒಂದೇ ಬಾಕಿ,
ಅದೂ ಇಪ್ಪತ್ಮೂರು ವರ್ಷದ್ದು.
ಈಗ ಯಾಕೆ ಎಂದು ಕೇಳಿದ್ದಕ್ಕೆ
"ಬಾಕಿ ಇಟ್ಕಂಡು ಸಾಯಬಾರ್ದಲ್ರೀ ಮಿಸ್" ಎಂದು
ಖಾಲಿ ಚೀಲ ಕೊಡವಿ ನನಗೆ ಕೂರಲು ಹಾಸಿದಳು.

ದಾವಣಗೆರೆಯ ಈ ಓಣಿಯಲ್ಲಿ ಭಟ್ಟಿಗಳು ನಸುಕಿಗೇ ಹೊತ್ತಿಕೊಳ್ಳುತ್ತವೆ,
ಸಂಜೆ ನಾಲ್ಕಕ್ಕೆ ಮರಳು ತಣಿಯುತ್ತದೆ.
ಆಮೇಲೆ ಪಾಠ.
ನಾನು ಓದುವುದು, ಅವಳು ಮಸಿ ಹತ್ತಿದ ಬೆರಳಲ್ಲಿ
ದುಂಡಗೆ ಇಳಿಸಿಕೊಳ್ಳುವುದು:
ಪತ್ರರಂಧ್ರ. ಪತ್ರಹರಿತ್ತು. ಕೋಶಭಿತ್ತಿ. ರಸದಾನಿ.
ರಸದಾನಿಯ ಹತ್ತಿರ ಪೆನ್ನು ನಿಂತಿತು.
"ಸುರ್ಮಾದಾನಿ ಇದ್ದಂಗಾ?"
ಹೌದು, ಅದರ ತಂಗಿಯೇ ಅಂದೆ.
ಅಷ್ಟಕ್ಕೇ ಆ ಪದ ಚಪ್ಪಲಿ ಬಿಟ್ಟು ಒಳಗೆ ಹೋಗಿ
ಅವಳ ಗೂಡಿನಲ್ಲಿ ಕನ್ನಡಿಯ ಪಕ್ಕ ಕೂತುಬಿಟ್ಟಿತು.

ಎಲ್ಲವೂ ಹಾಗೆ ಹೋಗಲಿಲ್ಲ.
ದ್ಯುತಿಸಂಶ್ಲೇಷಣೆಯನ್ನು ಮೂರು ಕಡೆ ಮುರಿದು ಬರೆದಳು,
ನಾನು ಕೂಡಿಸಿ ಕೊಟ್ಟೆ, ಮರುದಿನ ಮತ್ತೆ ಮುರಿದಿತ್ತು.
ಹೃತ್ಕರ್ಣ ಅಂದರೆ ಹೃದಯಕ್ಕೂ ಕಿವಿ ಐತಾ ಎಂದಳು.
ಹದಿನೆಂಟು ವರ್ಷ ಕಪ್ಪುಹಲಗೆಗೆ ಆ ಪದ ಬರೆದಿದ್ದೇನೆ,
ಅದರೊಳಗಿನ ಕಿವಿ ನನಗೆ ಕೇಳಿಸಿರಲಿಲ್ಲ.

ಮಗಳು ಅಫ್ಶೀನ್ ಇಂಗ್ಲಿಷ್ ಮೀಡಿಯಂ.
ಅದು ಪತ್ರಹರಿತ್ತು ಅಲ್ಲಮ್ಮೀ, ಕ್ಲೋರೋಫಿಲ್ ಎನ್ನುತ್ತಾಳೆ.
ಒಂದೇ ಎಲೆಯ ಹಸಿರಿಗೆ ಇಬ್ಬರೂ ಜಗಳವಾಡಿ
ಸೋಲದೆ, ಗೆಲ್ಲದೆ,
ಕೊತ್ತಂಬರಿ ಬಿಡಿಸಲು ಕೂತರು.

ಅಭಿಸರಣೆಯ ದಿನ ನಾನೇ ದಡ್ಡಿ.
ಅರೆವ್ಯಾಪ್ಯ ಪೊರೆ, ಸಾರತೆ ಕಡಿಮೆ ಇದ್ದಲ್ಲಿಂದ ಹೆಚ್ಚಿದ್ದಲ್ಲಿಗೆ ಎಂದೆಲ್ಲ ಒದರಿ
ಒಣದ್ರಾಕ್ಷಿಯ ಪ್ರಯೋಗಕ್ಕೆ ಬಂದಾಗ ತಡೆದಳು:
"ನೆನೆಯೋದಾ? ಅದನ್ನ ಮೊದ್ಲೇ ಹೇಳ್ಬಾರ್ದಾ ಮಿಸ್!
ಯಾವ ಭತ್ತ ಎಷ್ಟು ಕುಡೀತೈತಿ, ಎಷ್ಟೊತ್ತಿಗೆ ಸಾಕಂತೈತಿ,
ಕೈ ಹಾಕಿದ್ರೆ ಗೊತ್ತಾಗ್ತೈತಿ."
ಹಾಕಿದಳು ಕೂಡ, ಹಂಡೆಗೆ, ಮೊಣಕೈವರೆಗೆ.

ಗಾಳಿಗೂಡುಗಳ ಪುಟ ಬಂದಾಗ ಹಾಳೆ ಮಗುಚಿಬಿಟ್ಟಳು.
ಗೂಡು ಅಂದ್ರೆ ಗುಬ್ಬಿದಾ ಎಂದು ಕೇಳಿ ನಗಬಹುದಿತ್ತು. ನಗಲಿಲ್ಲ.
ಸೂರಿನ ಗಳುವಿಗೆ ಸಿಕ್ಕಿಸಿದ ಖಾಕಿ ಲಕೋಟೆಯಲ್ಲಿ
ಗಂಡ ದಾದಾಪೀರನ ಎದೆಯ ಎಕ್ಸ್‌ರೇ,
ಭಟ್ಟಿಗೆ ಟೈರು ಸುಡುತ್ತಿದ್ದ ಕಾಲದ್ದು.
"ಈ ಪಾಠ ನಂಗೆ ಬರ್ತೈತಿ."
ನಾನು ಪ್ರಶ್ನೆ ಕೇಳಲಿಲ್ಲ.

ಬೀಜದ ಪಾಠ ಕೊನೆಯದು.
ಒಂದು ಮುಷ್ಟಿ ಮಂಡಕ್ಕಿ ತಂದು ಪುಸ್ತಕದ ಮೇಲೇ ಸುರುವಿ
ಪರೀಕ್ಷೆ ಅವಳೇ ಶುರುಮಾಡಿದಳು.
ಇದು ಏಕದಳವಾ? ಹೌದು.
ಭ್ರೂಣ ಎಲ್ಲಿ? ಕುದಿನೀರಿನಲ್ಲೇ ಸತ್ತಿತು.
ಹಂಗಾರೆ ಉಳಿದಿದ್ದು? ಭ್ರೂಣಪೋಷ.
ಮೊಳಕೆಗೆಂದು ತಾಯಿಗಿಡ ಕಟ್ಟಿಕೊಟ್ಟ ಬುತ್ತಿ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಉಣ್ಣೋ ಕೂಸೇ ಹೋದ್ಮ್ಯಾಲೆ
ಬುತ್ತಿ ಕಾದ ಮರಳಾಗೆ ಇಷ್ಟು ದೊಡ್ಡದಾಗ್ತೈತಲ್ಲ,
ಅದಕ್ಕೇನಂತಾರೆ ನಿಮ್ಮಲ್ಲಿ?"

ಮೊಳೆಯುವುದಕ್ಕೆ ಪದವಿದೆ. ಒಡೆದು ಎರಡಾಗುವುದಕ್ಕಿದೆ.
ಕೊಳೆಯುವುದಕ್ಕೂ ಇದೆ.
ಹಿಂದಿನ ಪುಟಗಳ ಪದಕೋಶವನ್ನು
ಕೋಶ ಕೋಶವಾಗಿ ತಡಕಿದೆ.
"ನಾವು ಹಿಗ್ಗೋದು ಅಂತೀವಿ. ಬರೀಲಾ?"

ಆ ಪ್ರಶ್ನೆ ಬರುವುದಿಲ್ಲ, ಬಂದರೂ ಅದಕ್ಕೆ ಅಂಕವಿಲ್ಲ ಎಂದೆ.
ಬರೆದುಕೊಂಡಳು,
ಗಕ್ಕೆ ಗ ಒತ್ತು, ಹಾಳೆಯ ಆಚೆಬದಿಗೂ ಮೂಡುವಷ್ಟು ಒತ್ತಿ.
ಪುಸ್ತಕದ ಮೇಲಿನ ಮಂಡಕ್ಕಿ ಒಂದೊಂದೇ ಹೆಕ್ಕಿ ತಿನ್ನುತ್ತ
ನಾನು ಬಸ್ಸಿನ ಹೊತ್ತು ಮರೆತೆ.
ನಾಳೆ ನಸುಕಿನ ಭತ್ತ ಆಗಲೇ ಹಂಡೆಯಲ್ಲಿ
ನೀರು ಕುಡಿಯುತ್ತಿತ್ತು.